ಮನೆಯ ಗಣಕಯಂತ್ರವು ಪದೇ ಪದೇ ಸ್ಥಗಿತಗೊಳ್ಳುತ್ತಿದ್ದಲ್ಲಿ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರು ಜಾತಿ, ಆದಾಯ ಮುಂತಾದ ಪ್ರಮಾಣ ಪತ್ರಗಳಿಗೆ ಮನೆಯಿಂದಲೇ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಆದರೆ ಅರ್ಜಿ ಭರ್ತಿ ಮಾಡುತ್ತಿರುವಾಗಲೇ ಗಣಕಯಂತ್ರವು ಹ್ಯಾಂಗ್ ಆಗುವುದು, ಪರದೆ ನೀಲಿಯಾಗುವುದು ಅಥವಾ ಯಂತ್ರವು ತಾನಾಗಿಯೇ ಮರುಪ್ರಾರಂಭಗೊಳ್ಳುವುದು ಉಂಟು. ಬಹುತೇಕರು ಇದನ್ನು ವೈರಸ್ ಎಂದು ಭಾವಿಸಿ ಕೂಡಲೇ ಫಾರ್ಮ್ಯಾಟ್ ಮಾಡಿಸುತ್ತಾರೆ. ಇದರಿಂದ ಸ್ಕ್ಯಾನ್ ಮಾಡಿಟ್ಟ ಪಹಣಿ, ಅಂಕಪಟ್ಟಿ ಹಾಗೂ ಕುಟುಂಬದ ಛಾಯಾಚಿತ್ರಗಳು ನಷ್ಟವಾಗುತ್ತವೆಯೇ ಹೊರತು, ದೋಷವು ಯಂತ್ರದ ಬಿಡಿಭಾಗದಲ್ಲಿದ್ದಲ್ಲಿ ನಿವಾರಣೆಯಾಗುವುದಿಲ್ಲ. ಕರಾವಳಿಯಲ್ಲಿ ವೈರಸ್‌ಗಿಂತ ಮೊದಲು ಸಂಶಯಿಸಬೇಕಾದುದು ತೇವಾಂಶ, ಶಾಖ ಮತ್ತು ವಿದ್ಯುತ್ತನ್ನು.

ಶುಲ್ಕ ಪಾವತಿಯ ಹಂತದಲ್ಲಿ ಯಂತ್ರವು ಸ್ಥಗಿತಗೊಂಡಲ್ಲಿ ಅರ್ಜಿದಾರರು ತಕ್ಷಣವೇ ಎರಡನೇ ಬಾರಿ ಪಾವತಿಸಬಾರದು. ಮೊದಲು ಬ್ಯಾಂಕಿನ ಸಂದೇಶವನ್ನೂ, ಬಳಿಕ ಅದೇ ಲಾಗಿನ್‌ನಲ್ಲಿ ಅರ್ಜಿಯ ಸ್ಥಿತಿಯನ್ನೂ ಪರಿಶೀಲಿಸತಕ್ಕದ್ದು. ಹಣ ಕಡಿತವಾಗಿ ಸ್ವೀಕೃತಿ ದೊರೆಯದಿದ್ದಲ್ಲಿ ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.

ಯಂತ್ರವು ಯಾವಾಗ ನಿಲ್ಲುತ್ತದೆ ಎಂಬುದನ್ನು ಎರಡು ಮೂರು ದಿನ ಬರೆದಿಟ್ಟಲ್ಲಿ ಅರ್ಧ ಕೆಲಸ ಮುಗಿದಂತೆ. ಪ್ರತಿ ಸಲವೂ ಅರ್ಧ ಗಂಟೆ ಚಾಲನೆಯಲ್ಲಿದ್ದ ನಂತರ ನಿಂತರೆ ಶಾಖವೇ ಕಾರಣವಿರಬಹುದು. ಒಳಗಿನ ಫ್ಯಾನ್ ತಿರುಗುತ್ತಿದೆಯೇ, ಧೂಳು ಕಟ್ಟಿದೆಯೇ ಎಂದು ನೋಡತಕ್ಕದ್ದು. ತೋಟದ ಪಂಪ್‌ಸೆಟ್ ಚಾಲೂ ಮಾಡಿದೊಡನೆ ಯಂತ್ರವು ಮರುಪ್ರಾರಂಭಗೊಂಡರೆ ವೋಲ್ಟೇಜ್ ಕುಸಿತವನ್ನು ಸಂಶಯಿಸಬೇಕು. ಒಂದೇ ತಂತ್ರಾಂಶ ತೆರೆದಾಗ ಮಾತ್ರ ನಿಂತರೆ ಆ ತಂತ್ರಾಂಶವನ್ನು ತೆಗೆದು ಪುನಃ ಅಳವಡಿಸಿದರೆ ಸಾಕಾಗಬಹುದು. ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದಲ್ಲಿ ಬೇರಾವ ಪ್ರಯೋಗವನ್ನೂ ಮಾಡದೆ ಕಡತಗಳನ್ನು ಅದೇ ದಿನ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳತಕ್ಕದ್ದು.

ಕರಾವಳಿಯ ಈ ಭಾಗದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಅವಧಿಯಲ್ಲಿ ಸುರಿಯುತ್ತದೆ. ಮರವಂತೆ, ಗಂಗೊಳ್ಳಿ, ಕೋಡಿ, ಹಂಗಾರಕಟ್ಟೆ ಮುಂತಾದ ಕಡಲ ಬದಿಯ ಊರುಗಳಲ್ಲಿ ಗಾಳಿಯಲ್ಲಿ ಉಪ್ಪಿನ ಅಂಶವೂ ಸೇರಿರುತ್ತದೆ. ರ‍್ಯಾಮ್ ಪಟ್ಟಿಯ ಸಂಪರ್ಕ ಭಾಗದಲ್ಲಿ ತೆಳುವಾದ ಕಿಲುಬು ಕಟ್ಟಿದಲ್ಲಿ ಯಂತ್ರವು ನಿರ್ದಿಷ್ಟ ಕಾರಣವಿಲ್ಲದೆ ನಿಲ್ಲುತ್ತದೆ, ಇಲ್ಲವೇ ಬೀಪ್ ಸದ್ದು ಮಾಡಿ ಪ್ರಾರಂಭವಾಗುವುದೇ ಇಲ್ಲ. ವಿದ್ಯುತ್ ಪ್ಲಗ್ ಕಳಚಿ, ಕ್ಯಾಬಿನೆಟ್‌ನ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಪಟ್ಟಿಯನ್ನು ಹೊರತೆಗೆದು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಹಿತವಾಗಿ ಉಜ್ಜಿ, ಪುಡಿಯನ್ನು ಒಣಬಟ್ಟೆಯಿಂದ ಒರೆಸಿ ಪುನಃ ಕೂರಿಸಬಹುದು. ಯಂತ್ರ ಬಿಚ್ಚಿ ಅಭ್ಯಾಸವಿಲ್ಲದವರು ತಂತ್ರಜ್ಞರ ಎದುರು ನಿಂತು ಮಾಡಿಸುವುದು ಲೇಸು.

ಮಳೆಗಾಲದಲ್ಲಿ ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ತಿಂಗಳುಗಟ್ಟಲೆ ಮುಚ್ಚಿಡುವ ಪದ್ಧತಿಯು ಹಲವು ಮನೆಗಳಲ್ಲಿದೆ. ಇದರಿಂದ ತೇವವು ಒಳಗೇ ಉಳಿಯುತ್ತದೆ; ಇರುವೆ, ಹಲ್ಲಿಗಳಿಗೂ ಆಶ್ರಯವಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಚಾಲನೆಯಲ್ಲಿಟ್ಟರೆ ಒಳಭಾಗವು ತನ್ನ ಶಾಖದಿಂದಲೇ ಒಣಗುತ್ತದೆ.

ಏಪ್ರಿಲ್-ಮೇ ಹಾಗೂ ಅಕ್ಟೋಬರ್-ನವೆಂಬರ್ ತಿಂಗಳುಗಳ ಗುಡುಗು ಸಿಡಿಲಿನ ಸಮಯದಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಳಚಬೇಕು. ಅದರೊಂದಿಗೆ ಇಂಟರ್‌ನೆಟ್ ಕೇಬಲನ್ನೂ ಕಳಚಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುವುದರಿಂದ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿಸತಕ್ಕದ್ದು.

ಕೆಲವೊಮ್ಮೆ ಯಂತ್ರ ಸರಿಯಿದ್ದೂ ಇಲಾಖೆಯ ಪುಟವು ತೆರೆಯುವುದಿಲ್ಲ. ಪರದೆಯ ಮೂಲೆಯಲ್ಲಿ ಹಲವು ವರ್ಷ ಹಿಂದಿನ ದಿನಾಂಕ ಕಂಡುಬಂದಲ್ಲಿ, ಮದರ್‌ಬೋರ್ಡಿನ ನಾಣ್ಯಾಕಾರದ 3 ವೋಲ್ಟ್ ಸೆಲ್ ಮುಗಿದಿರುವ ಸಾಧ್ಯತೆಯಿರುತ್ತದೆ. ದಿನಾಂಕವು ತಪ್ಪಿದ್ದಲ್ಲಿ ಬ್ರೌಸರ್ ಸುರಕ್ಷಿತ ಪುಟಗಳನ್ನು ನಿರಾಕರಿಸುತ್ತದೆ. ಆಗ ಸೆಲ್ ಬದಲಾಯಿಸಿ ದಿನಾಂಕ ಸರಿಪಡಿಸುವುದು.

ದುರಸ್ತಿಗೆ ನೀಡುವ ಮುನ್ನ ಆಧಾರ್, ಬ್ಯಾಂಕ್ ಪಾಸ್‌ಬುಕ್ ಮುಂತಾದವುಗಳ ಪ್ರತಿಗಳನ್ನು ಬೇರೆಡೆ ನಕಲಿಸಿ ಯಂತ್ರದಿಂದ ತೆಗೆದುಹಾಕತಕ್ಕದ್ದು. ಕೊನೆಯ ದಿನಾಂಕವು ಸಮೀಪಿಸಿದ್ದಲ್ಲಿ ದುರಸ್ತಿಗಾಗಿ ಕಾಯದೆ, ಮೂಲ ದಾಖಲೆಗಳೊಂದಿಗೆ ಹತ್ತಿರದ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ.