ತೂಕದ ಯಂತ್ರ ಹೇಳದ ಕೊಬ್ಬು

ಆಪರೇಷನ್‌ಗೆ ಮೊದಲು ತೂಕ ನೋಡ್ತಾರೆ, ಎತ್ತರ ನೋಡ್ತಾರೆ, ಎರಡರ ಲೆಕ್ಕ ಹಾಕಿ ಬಿಎಂಐ ಬರೀತಾರೆ. ಸರಿ, ಆದರೆ ಕೊಬ್ಬು ಎಲ್ಲಿದೆ?

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು. ಪುಣೆಯ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್. ನೋಡೋಕೆ ಇಬ್ಬರೂ ತೆಳ್ಳಗೇ. ಬಿಎಂಐ ಕೂಡ ಒಂದೇ, 22.3. ಮೈಯ ಕೊಬ್ಬು? ಯುಡ್ಕಿನ್‌ಗೆ ಶೇ 9.1, ನಮ್ಮ ಯಾಜ್ಞಿಕರಿಗೆ ಶೇ 21.2!

ಸರ್ಜನ್‌ಗೆ ಇದು ಯಾಕೆ ಬೇಕು? ಚರ್ಮದಡಿಯ ಕೊಬ್ಬಿಗೆ ರಕ್ತ ಹರಿಯೋದು ಕಡಿಮೆ. ಅದು ದಪ್ಪಗಿದ್ದಷ್ಟೂ ಹೊಲಿಗೆ ಕೀವಾಗುವ ಭಯ. ಕರುಳಿನ ಸುತ್ತ ಕೂತಿರೋದು ಇನ್ನೂ ತರಲೆ. ಸಣ್ಣ ತೂತಿನ ಆಪರೇಷನ್ (ಲ್ಯಾಪರೊಸ್ಕೋಪಿ) ಮಾಡುವಾಗ ದಾರಿಯನ್ನೇ ಮುಚ್ಚುತ್ತೆ, ಮೈಯಲ್ಲಿ ಉರಿಯೂತ ಹೆಚ್ಚಿಸುತ್ತೆ.

ಅಳೆಯೋಕೆ ಎಷ್ಟೋ ಸಲ ಹೊಸ ಟೆಸ್ಟ್ ಬೇಕಿಲ್ಲ. ಕರುಳಿನ ಕ್ಯಾನ್ಸರ್ ಅಂದ್ರೆ ಹೇಗೂ ಸಿಟಿ ಸ್ಕ್ಯಾನ್ ಆಗಿರುತ್ತೆ. ಸೊಂಟದ ಮೂರನೇ ಕಶೇರುಕದ ಮಟ್ಟದ ಒಂದೇ ಒಂದು ಚಿತ್ರದಲ್ಲಿ ಒಳಕೊಬ್ಬು, ಹೊರಕೊಬ್ಬು, ಸ್ನಾಯು ಮೂರೂ ಸಿಗುತ್ತೆ. ಸ್ನಾಯು ಕರಗಿ ಕೊಬ್ಬು ಉಳಿದವರಿಗೆ ತೊಡಕು ಜಾಸ್ತಿ. ಬಿಎಂಐ ಮಾತ್ರ 'ನಾರ್ಮಲ್' ಅಂತ ಹಲ್ಲು ಕಿರಿಯುತ್ತೆ.

ಸ್ಕ್ಯಾನ್ ಇಲ್ವಾ? ದರ್ಜಿಯ ಟೇಪ್ ತಗೊಳ್ಳಿ. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ರೆ ಆಪರೇಷನ್‌ಗೆ ಮುಂಚೆ ಡಾಕ್ಟರಿಗೆ ಹೇಳಿ. ಹೊಟ್ಟೆ ಒಳಗೆಳ್ಕೊಂಡು ಅಳೀಬೇಡಿ, ಪ್ಲೀಸ್.