ಅಮ್ಮ ಯಾಕೆ ‘ಏನಂದೆ?’ ಅಂತಿದ್ಲು?

ಪುಣೆಯ ನನ್ನ ಫ್ಲ್ಯಾಟಲ್ಲಿ ಫೋಟೋ ಬ್ಯಾಕಪ್ ಶುರುವಾದ್ರೆ ಸಾಕು, ವಿಡಿಯೊ ಕಾಲಲ್ಲಿ ಅಮ್ಮ ‘ಏನಂದೆ? ಕೇಳಿಸ್ತಿಲ್ಲ’ ಅಂತಿದ್ಲು. ತೊಂದರೆ ಇದ್ದದ್ದು ಸಾಲಲ್ಲಿ: ಬ್ಯಾಕಪ್‌ನ ರಾಶಿ ಪ್ಯಾಕೆಟ್‌ಗಳ ಹಿಂದೆ ನನ್ನ ಮಾತಿನ ಪ್ಯಾಕೆಟ್ ಕಾಯ್ತಿತ್ತು.

ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ ಸರದಿಯಂತೆ ಬಿಡೋದೇ ಫೇರ್ ಕ್ಯೂಯಿಂಗ್. ಜಾನ್ ನೇಗಲ್ 1985ರಲ್ಲೇ ಹೇಳಿದ್ರು. ಲಿನಕ್ಸ್‌ಗೆ ಎಫ್‌ಕ್ಯೂ-ಕೋಡೆಲ್ ಬಂದಿದ್ದು 2012ರಲ್ಲಿ. ಈಗ ಬಹಳಷ್ಟು ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಅದೇ ಡಿಫಾಲ್ಟ್. ನನ್ನದರಲ್ಲೂ ಇತ್ತು, ಏನು ಬಂತು? ಸಾಲು ಬೆಳೆಯೋದು ದಾರಿ ಇಕ್ಕಟ್ಟಾಗೋ ಕಡೆ. ನಮ್ಮನೇಲಿ ಅದು ಇಂಟರ್ನೆಟ್‌ನವರು ಕೊಟ್ಟ ಡಬ್ಬಿ.

ಅದರ ಮುಂದೆ ನನ್ನ ಹಳೇ ರೌಟರ್ ಇಟ್ಟು, ಓಪನ್‌ಡಬ್ಲ್ಯೂಆರ್‌ಟಿ ಹಾಕಿ, ಅಪ್‌ಲೋಡನ್ನು ಅಳೆದ ವೇಗದ 90%ಗೆ ಕಟ್ಟಿಹಾಕಿದೆ. ಸಾಲು ಡಬ್ಬಿ ಬಿಟ್ಟು ರೌಟರಿಗೆ ಬಂತು. ಬ್ಯಾಕಪ್ ತುಸು ನಿಧಾನ, ನಿಜ. ನಿನ್ನೆ ಅದು ನಡೀತಿದ್ದಾಗ್ಲೇ ಅಮ್ಮ ಮುಕ್ಕಾಲು ಗಂಟೆ ಮಾತಾಡಿದ್ಲು.