ಪರದೇಶಿಯೂ ನಮ್ಮ ರಾಜ್ಯಾಂಗವೂ

ಜಯನಗರದಲ್ಲೋ ಬಿ.ಟಿ.ಎಂ. ಬಡಾವಣೆಯಲ್ಲೋ ತಮಗೊಂದು ಮನೆಯಿದೆ, ಅದರ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವುದಿದೆ ಎಂದಿಟ್ಟುಕೊಳ್ಳಿ. ಗೇಟಿಗೆ ಹಲಗೆ ತೂಗುಹಾಕಿದ ಮೂರನೆಯ ದಿನ, ಇಲ್ಲಿಯ ಕಾಲೇಜಿನಲ್ಲಿ ಓದುತ್ತಿರುವ ಆಫ್ರಿಕದ ತರುಣನೊಬ್ಬ ಬಂದು ವಿಚಾರಿಸುತ್ತಾನೆ. ಮಾತು ನಯವಾಗಿದೆ, ಮುಂಗಡದ ಹಣವೂ ಸಿದ್ಧವಾಗಿದೆ. ಆದರೂ ಅವನು ಹೋದ ಮೇಲೆ ಮನೆಯೊಳಗೊಂದು ಸಣ್ಣ ಸಭೆ ಸೇರುತ್ತದೆ. 'ಪತ್ರಿಕೆಯಲ್ಲಿ ಏನೇನು ಬರುತ್ತದೆ ನೋಡಿಲ್ಲವೆ? ನಮಗೇಕೆ ಬೇಕು?' ಎನ್ನುತ್ತಾರೆ ಒಬ್ಬರು. 'ಈ ದೇಶದವನೇ ಅಲ್ಲ. ಅವನಿಗೆ ಯಾವ ಕಾನೂನು, ಯಾವ ಹಕ್ಕು?' ಎನ್ನುತ್ತಾರೆ ಇನ್ನೊಬ್ಬರು. ಮೊದಲ ಮಾತು ಅಂಕಿಅಂಶಕ್ಕೆ ಸೇರಿದ್ದು, ಎರಡನೆಯದು ರಾಜ್ಯಾಂಗಕ್ಕೆ. ಎರಡೂ ಸುಲಭವಾಗಿ ಬಾಯಿಗೆ ಬರುವ ಮಾತುಗಳೇ; ಆದ್ದರಿಂದಲೇ ಸ್ವಲ್ಪ ನಿಂತು ನೋಡಬೇಕಾಗಿದೆ.

ನಮ್ಮ ಭಾಷೆಯಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥವಿದೆ. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬುದು ಇನ್ನೊಂದು. ತಾಯಿತಂದೆಯಿಲ್ಲದ ಮಗುವನ್ನು ಕಂಡು 'ಪಾಪ, ಪರದೇಶಿ' ಎನ್ನುತ್ತೇವಲ್ಲ, ಅದು. ನಮ್ಮ ರಾಜ್ಯಾಂಗವನ್ನು, ಈಗ ಸಂವಿಧಾನವೆಂದೇ ರೂಢಿಯಾಗಿರುವ ಆ ಗ್ರಂಥವನ್ನು, ಬರೆದವರು ಮೊದಲನೆಯ ಅರ್ಥವನ್ನು ಒಪ್ಪಿದರು; ಎರಡನೆಯದನ್ನು ಒಪ್ಪಲಿಲ್ಲ.

ಇದನ್ನು ಅವರು ಸಾಧಿಸಿದ್ದು ಎರಡು ಪದಗಳ ವ್ಯತ್ಯಾಸದಿಂದ. ಮೂಲಭೂತ ಹಕ್ಕುಗಳ ಭಾಗವನ್ನು ತೆರೆದು ನೋಡಿ. ಕೆಲವು ವಿಧಿಗಳಲ್ಲಿ 'ನಾಗರಿಕ' ಎಂದಿದೆ, ಕೆಲವುಗಳಲ್ಲಿ 'ವ್ಯಕ್ತಿ' ಎಂದಿದೆ. 19ನೆಯ ವಿಧಿಯ ಸ್ವಾತಂತ್ರ್ಯಗಳು, ಎಂದರೆ ಭಾಷಣ, ಸಭೆ, ಸಂಘ, ದೇಶದಲ್ಲೆಲ್ಲ ಸಂಚಾರ, ಎಲ್ಲಿ ಬೇಕಾದರೂ ನೆಲೆಸುವುದು, ವೃತ್ತಿ, ಇವು ನಾಗರಿಕರಿಗೆ ಮಾತ್ರ. ಸರ್ಕಾರಿ ಉದ್ಯೋಗದ ಸಮಾನಾವಕಾಶವೂ, ಜಾತಿ ಧರ್ಮಗಳ ಮೇಲೆ ಭೇದ ಮಾಡಬಾರದೆಂಬ 15ನೆಯ ವಿಧಿಯೂ ಹಾಗೆಯೇ. ಮತದಾನವಂತೂ ಸರಿಯೇ ಸರಿ. ಆದರೆ ಕಾನೂನಿನ ಮುಂದೆ ಸಮಾನತೆಯನ್ನು ಹೇಳುವ 14ನೆಯ ವಿಧಿ 'ವ್ಯಕ್ತಿ'ಯನ್ನು ಕುರಿತದ್ದು. ಕಾನೂನಿನ ಕ್ರಮವಿಲ್ಲದೆ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯಬಾರದೆನ್ನುವ 21ನೆಯ ವಿಧಿಯೂ ವ್ಯಕ್ತಿಯನ್ನು ಕುರಿತದ್ದೇ. ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ 22ನೆಯ ವಿಧಿಯ ರಕ್ಷಣೆ ಕೂಡ ನಾಗರಿಕರಿಗಷ್ಟೇ ಮೀಸಲಲ್ಲ. ಅದು ಅನ್ವಯಿಸದೆ ಇರುವುದು ಶತ್ರುದೇಶದವನಿಗೆ ಮತ್ತು ನಿವಾರಕ ಬಂಧನಕ್ಕೆ ಒಳಗಾದವನಿಗೆ.

ಹಾಗಾದರೆ ಪರದೇಶದವನು ಇಲ್ಲಿ ಇರಗೊಡಿಸಿಕೊಳ್ಳುವ ಹಕ್ಕನ್ನೂ ಪಡೆದನೇ? ಇಲ್ಲ. ಇದನ್ನು ಸುಪ್ರೀಂ ಕೋರ್ಟು 1955ರಷ್ಟು ಹಿಂದೆಯೇ ಹೇಳಿತು. ಹಾನ್ಸ್ ಮುಲ್ಲರ್ ಎಂಬ ಜರ್ಮನಿಯವನನ್ನು ಕಲ್ಕತ್ತೆಯಲ್ಲಿ ಬಂಧಿಸಿದ್ದ ಮೊಕದ್ದಮೆ ಅದು. ವಿದೇಶೀಯನನ್ನು ದೇಶದಿಂದ ಹೊರಗೆ ಕಳುಹಿಸುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದು ನ್ಯಾಯಾಧೀಶರು ತೀರ್ಮಾನಿಸಿದರು. ಮ್ಯಾನ್ಮಾರಿನಿಂದ ಬಂದ ರೋಹಿಂಗ್ಯಾಗಳ ವಿಚಾರದಲ್ಲಿ 2021ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ, 14 ಮತ್ತು 21ನೆಯ ವಿಧಿಗಳು ಎಲ್ಲ ವ್ಯಕ್ತಿಗಳಿಗೂ ಉಂಟು, ಆದರೆ ಗಡೀಪಾರಾಗದೆ ಇರುವ ಹಕ್ಕು ನೆಲೆಸುವ ಹಕ್ಕಿನ ನೆರಳು, ಅದು ನಾಗರಿಕರದು ಎಂದಿತು. ಅಂದರೆ ಕಳುಹಿಸಬಹುದು, ಆದರೆ ಕ್ರಮದ ಪ್ರಕಾರ ಕಳುಹಿಸಬೇಕು. ಇಲ್ಲಿರುವಷ್ಟು ಹೊತ್ತು ಹೊಡೆಯಕೂಡದು, ಕೊಲ್ಲಕೂಡದು, ಗುಟ್ಟಾಗಿ ಕೂಡಿಹಾಕಕೂಡದು. ಇಷ್ಟು ರಕ್ಷಣೆ ಕಡಮೆಯಾಯಿತೆಂದು ಹೇಳುವ ವಿದ್ವಾಂಸರಿದ್ದಾರೆ. ನನಗೂ ಕೆಲವೊಮ್ಮೆ ಹಾಗೆ ಅನ್ನಿಸುವುದುಂಟು: ಮರಳಿದಲ್ಲಿ ಪ್ರಾಣಭಯವಿರುವವನಿಗೆ, ಇಲ್ಲಿ ಪ್ರಾಣ ಉಳಿಸಿ ಅಲ್ಲಿಗೆ ಒಪ್ಪಿಸುತ್ತೇವೆ ಎಂದರೆ ಏನು ಹೇಳಿದಂತಾಯಿತು?

ಇನ್ನು ಅಪರಾಧದ ಮಾತು. ವಿದೇಶೀಯರು ಅಪರಾಧ ಮಾಡುವುದೇ ಇಲ್ಲವೆಂದು ಯಾರೂ ಹೇಳಲಾರರು. ಮಾದಕವಸ್ತುಗಳ ಮಾರಾಟದಲ್ಲಿ ವಿದೇಶೀಯರು ಸಿಕ್ಕಿಬಿದ್ದ ಸುದ್ದಿಯನ್ನು ಬೆಂಗಳೂರಿನ ಪೊಲೀಸರು ಆಗಾಗ ಪ್ರಕಟಿಸುತ್ತಾರೆ, ಅದು ನಿಜ. ಆದರೆ 'ಅವರಲ್ಲಿ ಅಪರಾಧ ಹೆಚ್ಚು' ಎನ್ನುವುದು ಬೇರೆ ಮಾತು. ಅದು ಭಾಗಾಕಾರದ ಲೆಕ್ಕ. ಮೇಲೆ ಅಪರಾಧಗಳ ಸಂಖ್ಯೆ, ಕೆಳಗೆ ಜನಸಂಖ್ಯೆ. ಕೆಳಗಿನ ಸಂಖ್ಯೆ ತಿಳಿಯದೆ ಉತ್ತರ ಬರುವುದಾದರೂ ಹೇಗೆ? ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರು 1 ಕೋಟಿ 20 ಲಕ್ಷವೆಂದು 2004ರಲ್ಲಿ ಕೇಂದ್ರದ ಮಂತ್ರಿಯೊಬ್ಬರು ಪಾರ್ಲಿಮೆಂಟಿನಲ್ಲಿ ತಿಳಿಸಿ, ಅನಂತರ ಆ ಅಂಕಿ ನಂಬಲರ್ಹವಲ್ಲವೆಂದು ತಾವೇ ಹಿಂದೆಗೆದುಕೊಂಡರು. 2016ರಲ್ಲಿ ಇನ್ನೊಬ್ಬರು 2 ಕೋಟಿ ಎಂದರು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಸಾಕು, ಯಾರೊಬ್ಬರೂ ಒಂದು ಕಳ್ಳತನವನ್ನೂ ಕಡಮೆ ಮಾಡದೆಯೇ ಅಪರಾಧದ ಪ್ರಮಾಣ ಹತ್ತರಲ್ಲಿ ನಾಲ್ಕು ಪಾಲು ಇಳಿದುಹೋಗುತ್ತದೆ!

ಮೇಲಿನ ಸಂಖ್ಯೆಯಲ್ಲೂ ಒಂದು ತೊಡಕಿದೆ. 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿ ಸುಮಾರು 5 ಲಕ್ಷ 73 ಸಾವಿರ ಜನರಿದ್ದರು. ಅವರಲ್ಲಿ ವಿದೇಶೀಯರು ನೂರಕ್ಕೆ ಒಬ್ಬರ ಆಸುಪಾಸು. ಅವರಲ್ಲಿಯೂ ಗಡಿ ದಾಟಿ ಬಂದುದಕ್ಕಾಗಿ, ವೀಸಾ ಮುಗಿದರೂ ಉಳಿದುದಕ್ಕಾಗಿ ಸೆರೆಗೆ ಹೋದವರಿರುತ್ತಾರೆ. ಇದು ಅಪರಾಧವೇ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಅಧಿನಿಯಮದ ಪ್ರಕಾರ ದಾಖಲೆಯಿಲ್ಲದೆ ಪ್ರವೇಶಿಸಿದವನಿಗೆ 5 ವರ್ಷದವರೆಗೆ ಸಜೆ, ಇಲ್ಲವೆ 5 ಲಕ್ಷ ರೂಪಾಯಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ನಾಗರಿಕನೊಬ್ಬ ಎಷ್ಟು ಪ್ರಯತ್ನಪಟ್ಟರೂ ಮಾಡಲಾಗದ ಅಪರಾಧವಿದು. ಇದನ್ನು ಕೊಲೆ ಕಳ್ಳತನಗಳ ಜೊತೆಗೆ ಕೂಡಿಸಿ ಹೋಲಿಸಿದರೆ ತಕ್ಕಡಿ ಮೊದಲೇ ಓರೆಯಾಗಿರುತ್ತದೆ. ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಬಂಧಿತರಾದವರೆಲ್ಲರ ವಲಸೆಯ ಸ್ಥಿತಿಯನ್ನು ಪರಿಶೀಲಿಸುವ ಪದ್ಧತಿಯಿದೆ. 2012ರಿಂದ 2018ರವರೆಗಿನ ಆ ದಾಖಲೆಗಳನ್ನು ವಿದ್ವಾಂಸರು ಲೆಕ್ಕಹಾಕಿ 2020ರಲ್ಲಿ ಪ್ರಕಟಿಸಿದಾಗ, ಹಿಂಸಾಪರಾಧಗಳಿಗಾಗಿ ಬಂಧಿತರಾಗುವ ಪ್ರಮಾಣ ದಾಖಲೆಯಿಲ್ಲದ ವಲಸೆಗಾರರಿಗಿಂತ ಅಲ್ಲಿಯೇ ಹುಟ್ಟಿದ ನಾಗರಿಕರಲ್ಲಿ ಎರಡು ಪಟ್ಟಿಗೂ ಮೀರಿ ಕಂಡುಬಂತು. ಅಲ್ಲಿಯ ಫಲಿತಾಂಶವನ್ನು ಇಲ್ಲಿಗೆ ಹಾಗೆಯೇ ತಂದು ಅಂಟಿಸಲಾಗದು. ಲೆಕ್ಕ ಮಾಡುವುದು ಹೇಗೆಂಬುದಕ್ಕೆ ಮಾತ್ರ ಅದು ಮಾದರಿ.

ಅಂಕಿಯ ಬದಲು ಅನುಮಾನ ಕೆಲಸ ಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಊರಿನಲ್ಲಿಯೇ ಎರಡು ಸಂಗತಿಗಳಿವೆ. 2016ರ ಜನವರಿ 31ರ ರಾತ್ರಿ, ಹೆಸರಘಟ್ಟದ ಕಡೆ, ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಸ್ಥಳೀಯ ಮಹಿಳೆಯೊಬ್ಬರು ಮರಣ ಹೊಂದಿದರು. ಅನಂತರ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಸೂಡಾನಿಗೂ ತಾಂಜಾನಿಯಕ್ಕೂ ನಡುವೆ ಬೇರೆ ದೇಶಗಳೇ ಇವೆ. ಆ ಹುಡುಗಿಗೂ ಅಪಘಾತಕ್ಕೂ ಇದ್ದ ಸಂಬಂಧವೆಂದರೆ ಮೈಬಣ್ಣವೊಂದೇ.

ಎರಡನೆಯದು 2020ರ ಜನವರಿಯದು. ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿದ್ದ ಗುಡಿಸಲುಗಳು ಬಾಂಗ್ಲಾದೇಶದವರವು ಎಂಬ ಮಾತು ಹಬ್ಬಿ, ಅವುಗಳನ್ನು ಯಂತ್ರದಿಂದ ನೆಲಸಮ ಮಾಡಲಾಯಿತು. ಗುಡಿಸಲು ಕಳೆದುಕೊಂಡವರು ಗುರುತಿನ ಚೀಟಿಗಳನ್ನು ತಂದು ತೋರಿಸಿದರು. ಅಸ್ಸಾಂ, ತ್ರಿಪುರ, ಪಶ್ಚಿಮ ಬಂಗಾಳದವರಿದ್ದರು. ನಮ್ಮ ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರೂ ಇದ್ದರು. ಇವರು ಬಾಂಗ್ಲಾದೇಶದವರೆಂದು ಯಾವ ಆಧಾರದ ಮೇಲೆ ತೀರ್ಮಾನಿಸಿದಿರಿ ಎಂದು ಕೇಳಿ ಹೈಕೋರ್ಟು ತೆರವು ಕಾರ್ಯಕ್ಕೆ ತಡೆ ಹಾಕಿತು. ಆ ವೇಳೆಗೆ ಪಾತ್ರೆ ಪಡಗ, ಮಕ್ಕಳ ಪುಸ್ತಕ ಎಲ್ಲವೂ ಮಣ್ಣುಪಾಲಾಗಿದ್ದವು. ಮುಖ ನೋಡಿ, ಮಾತು ಕೇಳಿ ನಾಗರಿಕತ್ವವನ್ನು ಹೇಳಲಾಗದು. ಟಿಬೆಟಿನ ದಂಪತಿಗಳಿಗೆ ಭಾರತದಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಹುಟ್ಟಿದವರು ಜನ್ಮತಃ ಭಾರತದ ನಾಗರಿಕರೆಂದು ನಮ್ಮ ಹೈಕೋರ್ಟೇ 2013ರಲ್ಲಿ ತೀರ್ಪಿತ್ತಿದೆ.

ಇಲ್ಲಿ ಇನ್ನೊಂದು ವಿಷಯವಿದೆ. ನಾನು ವಿದೇಶೀಯನಲ್ಲವೆಂದು ಸಾಧಿಸುವ ಹೊರೆಯನ್ನು ಕಾನೂನು ಆ ವ್ಯಕ್ತಿಯ ಮೇಲೆಯೇ ಹೊರಿಸುತ್ತದೆ. 1946ರ ಅಧಿನಿಯಮದಲ್ಲಿ ಹೀಗಿತ್ತು, 2025ರ ಅಧಿನಿಯಮದಲ್ಲೂ ಹೀಗೆಯೇ ಇದೆ. ಆದರೆ ಬೀದಿಯಲ್ಲಿ ಹೋಗುವ ಯಾರನ್ನೋ ಹಿಡಿದು 'ಸಾಧಿಸು' ಎನ್ನುವಂತಿಲ್ಲ. ಮೊದಲು ಅಧಿಕಾರಿಗಳ ಕೈಯಲ್ಲಿ ಏನಾದರೊಂದು ಆಧಾರವಿರಬೇಕು ಎಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಹೇಳಿತು. ಅಸ್ಸಾಮಿನ ಒಬ್ಬಾತನನ್ನು ವಿದೇಶೀಯನೆಂದು ಸಾರಿದ್ದ ಮೊಕದ್ದಮೆ ಅದು. ಆತ ಭಾರತೀಯನೇ ಎಂದು ತೀರ್ಪಾಯಿತು. ಅದನ್ನು ಕೇಳಲು ಆತ ಬದುಕಿರಲಿಲ್ಲ.

ಪರದೇಶದವರಿಗೆ ಹಕ್ಕುಗಳಿದ್ದರೆ ಅಪರಾಧಿಗಳು ತಪ್ಪಿಸಿಕೊಳ್ಳುತ್ತಾರೆಂಬ ಭಯ ಹಲವರಿಗಿದೆ. ಮುಂಬಯಿಯ ಮೇಲೆ ದಾಳಿ ಮಾಡಿದ ಪಾಕಿಸ್ತಾನದ ಕಸಬನಿಗೂ ವಕೀಲರನ್ನು ಕೊಡಲಾಯಿತು. ಅದರಿಂದ ಶಿಕ್ಷೆ ತಪ್ಪಲಿಲ್ಲ. ಆರೋಪಿಯನ್ನು ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ತಂದಾಗಲೇ ವಕೀಲರ ನೆರವಿನ ಹಕ್ಕನ್ನು ತಿಳಿಸಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಖಚಿತಪಡಿಸಿದ್ದು ಆತನ ಮೊಕದ್ದಮೆಯಲ್ಲಿಯೇ. ಆ ನಿಯಮ ಇಂದು ಬನಶಂಕರಿಯ ಆಟೋ ಚಾಲಕನಿಗೂ ಒದಗುತ್ತದೆ.

ವಿದೇಶೀಯರು ಅಪರಾಧಕ್ಕೆ ಗುರಿಯಾಗುವವರೂ ಹೌದೆಂಬುದನ್ನು ನಾವು ಮರೆಯುತ್ತೇವೆ. ಹೌರಾ ರೈಲ್ವೆ ನಿಲ್ದಾಣದ ಯಾತ್ರಿನಿವಾಸದಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬರ ಮೇಲೆ ನಡೆದ ಅತ್ಯಾಚಾರದ ವಿಚಾರದಲ್ಲಿ, ಆಕೆ ನಾಗರಿಕಳಲ್ಲವೆಂದು ವಾದಿಸಿದ ರೈಲ್ವೆಗೆ, 21ನೆಯ ವಿಧಿ ಆಕೆಗೂ ಉಂಟು, 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು 2000ದಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿತು. ಬೆಂಗಳೂರಿನ ರಾಮಮೂರ್ತಿನಗರದಲ್ಲಿ 2021ರಲ್ಲಿ ಬಾಂಗ್ಲಾದೇಶದ ಯುವತಿಯೊಬ್ಬಳ ಮೇಲೆ ಆಕೆಯ ದೇಶದವರೇ ನಡೆಸಿದ ಅತ್ಯಾಚಾರ ತಮಗೆ ನೆನಪಿರಬಹುದು. ಒಂದು ವರ್ಷದೊಳಗೆ ವಿಚಾರಣೆ ಮುಗಿದು ಏಳು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಯುವತಿಯ ಬಳಿ ಕಾಗದಪತ್ರವಿಲ್ಲವೆಂದು ನ್ಯಾಯಾಲಯ ಬಾಗಿಲು ಮುಚ್ಚಿದ್ದರೆ ಆ ಏಳು ಮಂದಿ ಇಂದು ಎಲ್ಲಿರುತ್ತಿದ್ದರು?

ಮತ್ತೆ ಮಹಡಿಯ ಮನೆಗೆ ಬರೋಣ. 14ನೆಯ ವಿಧಿ ಕಟ್ಟಿಹಾಕುವುದು ಸರ್ಕಾರವನ್ನು. ತಮ್ಮ ಮನೆಯನ್ನು ಯಾರಿಗೆ ಕೊಡಬೇಕೆಂಬುದನ್ನು ಅದು ತಮ್ಮ ವಿವೇಕಕ್ಕೇ ಬಿಟ್ಟಿದೆ. ಕೊಡುವುದಾದರೆ, ಹುಡುಗನ ಪಾಸ್‌ಪೋರ್ಟು ವೀಸಾಗಳನ್ನು ನೋಡಿ ಪ್ರತಿ ಇಟ್ಟುಕೊಳ್ಳಿ. ವೀಸಾದ ಅವಧಿ ಯಾವಾಗ ಮುಗಿಯುತ್ತದೆಂದು ಗುರುತು ಹಾಕಿಕೊಳ್ಳಿ. ಆತ ವಾಸಕ್ಕೆ ಬಂದ 24 ಗಂಟೆಗಳೊಳಗೆ ವಿದೇಶೀಯರ ಪ್ರಾಂತೀಯ ನೋಂದಣಿ ಅಧಿಕಾರಿಗೆ ವರದಿ ಕಳುಹಿಸುವುದು ಮನೆಯ ಒಡೆಯನ ಹೊಣೆ. ಬಹುಕಾಲದಿಂದ 'ಸಿ ಫಾರಂ' ಎಂದು ಜನ ಕರೆಯುತ್ತ ಬಂದಿರುವುದು ಇದನ್ನೇ. ನೇಪಾಳ ಭೂತಾನಗಳ ಪ್ರಜೆಗಳಿಗೆ ವೀಸಾ ಬೇಕಿಲ್ಲ. ವರದಿಯನ್ನು ಮನೆಯಿಂದಲೇ ಅಂತರ್ಜಾಲದ ಮೂಲಕ ತುಂಬಬಹುದು. ಕಚೇರಿ ಇರುವುದು ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲಿ. ಜಯನಗರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ.